ಟೆನ್ನಿಸ್ ಆಡುವ ಮಕ್ಕಳಿಗೆ ನೋವು ಅಂಟದಂತೆ ನೋಡಿಕೊಳ್ಳುವುದು ಹೇಗೆ?

ಏಪ್ರಿಲ್ ಬಂತೆಂದರೆ ವಿಜಯಪುರದಲ್ಲಿ ಸಮ್ಮರ್ ಕ್ಯಾಂಪುಗಳ ಭರಾಟೆ. ಮಾರ್ಚ್ ಪೂರ್ತಿ ಪರೀಕ್ಷೆ ಅಂತ ಕುರ್ಚಿ ಬಿಟ್ಟು ಏಳದ ಮಗು, ಪರೀಕ್ಷೆ ಮುಗಿದ ಬೆನ್ನಿಗೇ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಟೆನ್ನಿಸ್ ಆಡಲು ಶುರು ಮಾಡುತ್ತದೆ. ಎರಡನೇ ವಾರಕ್ಕೆ ಹಿಮ್ಮಡಿ ನೋವು. ಮೂರನೇ ವಾರಕ್ಕೆ ಮೊಣಕಾಲು. "ಹೊಸದಾಗಿ ಆಡಾಕತ್ತಾನಲ್ರಿ, ಮೈ ಹೊಂದ್ಕೊಂತೈತಿ" ಅಂತ ಅಪ್ಪ ಹೇಳುತ್ತಾರೆ. ಕ್ಯಾಂಪ್ ಮುಗಿಯುವ ಹೊತ್ತಿಗೆ ಮಗು ಕುಂಟುತ್ತಿರುತ್ತದೆ, ರಾಕೆಟ್ ಅಟ್ಟ ಸೇರಿರುತ್ತದೆ.

ಇದು ಪ್ರತಿ ಬೇಸಿಗೆಯೂ ಕಾಣುವ ಕಥೆ. ನನಗೆ ಸಂಕಟ ಆಗುವುದು ಏಕೆಂದರೆ ಇದರಲ್ಲಿ ಹೆಚ್ಚಿನದನ್ನು ತಪ್ಪಿಸಬಹುದು. ಮಕ್ಕಳಿಗೆ ಟೆನ್ನಿಸ್‌ನಲ್ಲಿ ಆಗುವ ತೊಂದರೆ ಎರಡು ಬಗೆ. ಕಾಲು ಉಳುಕಿ, ಜಾರಿ ಬಿದ್ದು ಆಗುವುದು ಒಂದು. ದಿನಾ ಸ್ವಲ್ಪ ಸ್ವಲ್ಪವೇ ಸೇರಿಕೊಂಡು ಒಂದು ದಿನ ನೋವಾಗಿ ಎದ್ದು ನಿಲ್ಲುವುದು ಇನ್ನೊಂದು. ಎರಡನೆಯದು ಬರುವುದು ಆಟದಿಂದಲ್ಲ, ಆಟದ ಲೆಕ್ಕ ತಪ್ಪುವುದರಿಂದ. ಆ ಲೆಕ್ಕ ಇಡಬೇಕಾದವರು ದೊಡ್ಡವರು. ಹತ್ತು ವರ್ಷದ ಮಗುವಿಗೆ ಅದು ಗೊತ್ತಾಗುವುದಿಲ್ಲ. ಆಡು ಅಂದರೆ ಆಡುತ್ತಲೇ ಇರುತ್ತದೆ.

ಮೊದಲ ಹೆಜ್ಜೆ: ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ

ಮಕ್ಕಳ ಉದ್ದ ಎಲುಬುಗಳ ತುದಿಯಲ್ಲಿ ಮೆದುವಾದ ಒಂದು ಪದರ ಇರುತ್ತದೆ. ಡಾಕ್ಟರುಗಳು ಗ್ರೋತ್ ಪ್ಲೇಟ್ ಅನ್ನುತ್ತಾರೆ. ಎಲುಬು ಉದ್ದ ಬೆಳೆಯುವುದು ಅಲ್ಲಿಂದಲೇ. ದೊಡ್ಡವರಲ್ಲಿ ಈ ಪದರ ಗಟ್ಟಿ ಎಲುಬಾಗಿ ಮುಚ್ಚಿಹೋಗಿರುತ್ತದೆ. ಮಕ್ಕಳಲ್ಲಿ ಅದು ಎಲುಬಿಗೆ ಎಲುಬು ಕಟ್ಟಿ ಹಿಡಿಯುವ ಸುತ್ತಲಿನ ನಾರುಗಳಿಗಿಂತಲೂ ದುರ್ಬಲ. ಹಾಗಾಗಿ ದೊಡ್ಡವರಿಗೆ ಸ್ನಾಯು ಹಿಡಿದುಕೊಳ್ಳುವ ಕಡೆ, ಮಕ್ಕಳಿಗೆ ಎಲುಬಿನ ತುದಿಗೇ ಪೆಟ್ಟು ಬೀಳುತ್ತದೆ.

ಇನ್ನೊಂದು ವಿಷಯ ಇದೆ. ಮಗು ಸರ್ರನೆ ಎತ್ತರ ಬೆಳೆಯುವ ಕಾಲದಲ್ಲಿ ಎಲುಬು ಮುಂದೆ ಓಡುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಕಂಬ ಎತ್ತರ ಮಾಡಿ ಹಳೇ ಹಗ್ಗವನ್ನೇ ಎಳೆದು ಕಟ್ಟಿದ ಹಾಗೆ. ಆ ಹಗ್ಗ ಎಲ್ಲೆಲ್ಲಿ ಕಟ್ಟಿದೆಯೋ ಅಲ್ಲೆಲ್ಲ ಜಗ್ಗುತ್ತದೆ: ಹಿಮ್ಮಡಿಯ ಹಿಂದೆ, ಮೊಣಕಾಲ ಚಿಪ್ಪಿನ ಕೆಳಗೆ, ಮೊಣಕೈಯ ಒಳಬದಿಯಲ್ಲಿ. ಹೆಣ್ಣುಮಕ್ಕಳಲ್ಲಿ ಈ ಓಟ ಸಾಮಾನ್ಯವಾಗಿ 11-12ರ ಆಸುಪಾಸು, ಗಂಡುಮಕ್ಕಳಲ್ಲಿ 13-14ರ ಹತ್ತಿರ ಜೋರಾಗಿರುತ್ತದೆ. ಮಗುವಿನಿಂದ ಮಗುವಿಗೆ ಒಂದೆರಡು ವರ್ಷ ಹಿಂದೆಮುಂದೆ ಆಗುವುದು ಸಹಜ.

ಆದ್ದರಿಂದ ಮೂರು ತಿಂಗಳಿಗೊಮ್ಮೆ ಮಗುವನ್ನು ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲಿಸಿ. ತಲೆ ಮೇಲೆ ಪುಸ್ತಕ ಇಟ್ಟು ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗೆರೆಗಳ ನಡುವಿನ ಅಂತರ ಹಿಂದಿಗಿಂತ ಎದ್ದು ಕಾಣುವಷ್ಟು ಹೆಚ್ಚಾಯಿತು ಅಂದರೆ ಮಗು ಸರ್ರನೆ ಬೆಳೆಯುವ ಕಾಲದಲ್ಲಿದೆ. ಆ ಕೆಲವು ತಿಂಗಳು ಆಟದ ಹೊತ್ತು ಹೆಚ್ಚಿಸಬೇಡಿ. ಅದುವರೆಗೆ ಚೆನ್ನಾಗಿ ಬೀಳುತ್ತಿದ್ದ ಸರ್ವ್, ಅಂದರೆ ಆಟ ಶುರು ಮಾಡುವ ಹೊಡೆತ, ಆಗ ಕೆಡುವುದೂ ಉಂಟು. ಕೈಕಾಲು ಉದ್ದ ಆದಾಗ ಅಳತೆ ತಪ್ಪುತ್ತದೆ. ಅದಕ್ಕಾಗಿ ಮಗುವನ್ನು ಬೈದು ಇನ್ನೂ ಐವತ್ತು ಸರ್ವ್ ಹೊಡೆಸುವುದು ಸರಿಯಲ್ಲ.

ಎರಡನೇ ಹೆಜ್ಜೆ: ಗಂಟೆಗಳ ಲೆಕ್ಕ

ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ದಿನಕ್ಕೆ ಒಂದು ಸಾಲು. ಎಷ್ಟು ಹೊತ್ತು ಆಡಿತು, ಎಲ್ಲಾದರೂ ನೋವಿತ್ತಾ, ರಾತ್ರಿ ಎಷ್ಟು ಗಂಟೆ ಮಲಗಿತು. ಇಷ್ಟೇ. ಟೆನ್ನಿಸ್ ಒಂದನ್ನೇ ಬರೆದರೆ ಸಾಲದು. ಶಾಲೆಯ ಪಿ.ಟಿ. ಪಿರಿಯಡ್, ಗಲ್ಲಿ ಕ್ರಿಕೆಟ್, ಸ್ಪೋರ್ಟ್ಸ್ ಡೇ ಕಬಡ್ಡಿ, ಎಲ್ಲವೂ ಸೇರಬೇಕು. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಹುಚ್ಚು ಇರುವ ಮಕ್ಕಳು ಬಹಳ. ಬೆಳಿಗ್ಗೆ ಸೈಕಲ್ ತುಳಿದು ಸಂಜೆ ಟೆನ್ನಿಸ್‌ಗೆ ಬರುವ ಹುಡುಗನ ಮೊಣಕಾಲಿಗೆ ಎರಡೂ ಒಂದೇ ಲೆಕ್ಕ.

ಈಗ ಆ ಲೆಕ್ಕವನ್ನು ಯಾವುದಕ್ಕೆ ಹೋಲಿಸಬೇಕು? ಮಕ್ಕಳ ಕ್ರೀಡಾ ವೈದ್ಯರು ಬಳಸುವ ಸುಲಭದ ಸೂತ್ರ ಒಂದಿದೆ. ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ತರಬೇತಿ ಮತ್ತು ಪಂದ್ಯ ಸೇರಿ ಅದಕ್ಕಿಂತ ಹೆಚ್ಚು ಗಂಟೆ ಇರಬಾರದು. 10 ವರ್ಷದ ಮಗುವಿಗೆ ವಾರಕ್ಕೆ 10 ಗಂಟೆ ಮೇಲಿನ ಮಿತಿ. ಅಷ್ಟು ಆಡಲೇಬೇಕು ಅಂತಲ್ಲ. ದಿನಕ್ಕೆ ನಾಲ್ಕು ಗಂಟೆಯ ಕ್ಯಾಂಪ್ ವಾರಕ್ಕೆ ಆರು ದಿನ ಅಂದರೆ 24 ಗಂಟೆ ಆಯಿತು. ಅದು 24 ವರ್ಷದವರ ಲೆಕ್ಕ ಅಲ್ವಾ?

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇನ್ನೂ ಎರಡು ಮಾತು ಹೇಳುತ್ತದೆ. ವಾರಕ್ಕೆ ಒಂದೆರಡು ದಿನ ಆಟಕ್ಕೆ ಪೂರ್ತಿ ರಜೆ. ವರ್ಷದಲ್ಲಿ ಒಟ್ಟು 3 ತಿಂಗಳು ಆ ಒಂದು ಆಟದಿಂದ ಬಿಡುವು, ಬೇಕಿದ್ದರೆ ಒಂದೊಂದೇ ತಿಂಗಳಂತೆ ಬಿಡಿಸಿ. ಬಿಡುವು ಅಂದರೆ ಹಾಸಿಗೆ ಮೇಲೆ ಮೊಬೈಲ್ ಹಿಡಿದು ಬಿದ್ದಿರುವುದಲ್ಲ. ಈಜಲಿ, ಫುಟ್‌ಬಾಲ್ ಆಡಲಿ, ಖೋ ಖೋ ಆಡಲಿ. ಒಂದೇ ಬಗೆಯ ಚಲನೆ, ಒಂದೇ ತೋಳು, ವರ್ಷಪೂರ್ತಿ ಬೇಡ ಅಷ್ಟೇ. ನಮ್ಮಲ್ಲಿ ಈ ಬಿಡುವಿಗೆ ಪರೀಕ್ಷೆಯ ತಿಂಗಳು ಹೇಳಿ ಮಾಡಿಸಿದ್ದು. ಆದರೆ ಆ ತಿಂಗಳು ಮುಗಿದ ಮೇಲೆ ವಾಪಸ್ ಬರುವಾಗ ಮೊದಲ ವಾರ ಅರ್ಧ ಹೊತ್ತು ಸಾಕು. ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ ಏರಿಸಿ. ಕ್ಯಾಂಪಿನವರು ಪೂರ್ತಿ ಫೀಸು ತಗೊಂಡಿದ್ದಾರೆ ಅಂತ ಪೂರ್ತಿ ಹೊತ್ತು ಆಡಿಸಬೇಕು ಅಂತೇನಿಲ್ಲ.

"ಇಷ್ಟು ಕಡಿಮೆ ಆಡಿದರೆ ದೊಡ್ಡ ಆಟಗಾರ ಆಗೋದು ಹೇಗ್ರಿ?" ಅಂತ ಕೇಳುವ ತಂದೆತಾಯಿ ಇದ್ದಾರೆ. ಅಮೆರಿಕದ ಆಟಗಾರ್ತಿ ಜೆನ್ನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 13ನೇ ವಯಸ್ಸಿಗೇ ವೃತ್ತಿಪರ ಟೆನ್ನಿಸ್‌ಗೆ ಬಂದರು. 1993ರಲ್ಲಿ, ಇನ್ನೂ 17 ವಯಸ್ಸಿನಲ್ಲೇ, ಆಟದಿಂದ ದೂರ ಸರಿದರು. ಅಂಥವನ್ನು ನೋಡಿಯೇ ಮಹಿಳಾ ಟೆನ್ನಿಸ್ ಸಂಸ್ಥೆ ಡಬ್ಲ್ಯುಟಿಎ 1995ರಿಂದ ವಯಸ್ಸಿನ ನಿಯಮ ತಂದಿತು. 14 ತುಂಬದವರು ಅದರ ಟೂರ್ನಿಗಳಲ್ಲಿ ಆಡುವಂತಿಲ್ಲ. ಅಲ್ಲಿಂದ 18 ಆಗುವವರೆಗೆ ವರ್ಷಕ್ಕೆ ಇಂತಿಷ್ಟೇ ಟೂರ್ನಿ ಅಂತ ಮಿತಿ. ಜಗತ್ತಿನ ಅತಿ ಪ್ರತಿಭಾವಂತ ಹುಡುಗಿಯರಿಗೇ ಕಡಿವಾಣ ಬೇಕು ಅಂತಾದರೆ, ನಮ್ಮ ಮಕ್ಕಳಿಗೆ ಬೇಡವೇ? ಕ್ಯಾಪ್ರಿಯಾಟಿ ಮುಂದೆ ವಾಪಸ್ ಬಂದು 2001ರಲ್ಲಿ ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್ ಎರಡೂ ಗೆದ್ದರು ಅನ್ನುವುದನ್ನೂ ಹೇಳಬೇಕು. ಬಿಡುವು ತಗೊಂಡರೆ ಆಟ ಮುಗಿದೇ ಹೋಯಿತು ಅನ್ನುವ ಭಯ ಬೇಡ.

ಟೂರ್ನಮೆಂಟ್ ವಾರದ ಲೆಕ್ಕ ಬೇರೆಯೇ. ಅಂಡರ್-12 ಮಗುವಿಗೆ ಅಂಡರ್-14ರಲ್ಲೂ ಹೆಸರು ಕೊಟ್ಟು, ಸಿಂಗಲ್ಸ್ ಜೊತೆ ಡಬಲ್ಸ್ ಕೂಡ ಆಡಿಸುವುದು ನಮ್ಮಲ್ಲಿ ಮಾಮೂಲು. ಹೋಗುವುದು ಬೆಂಗಳೂರಿಗೆ, ಖರ್ಚು ಮಾಡಿದ್ದಕ್ಕೆ ಜಾಸ್ತಿ ಮ್ಯಾಚ್ ಸಿಗಲಿ ಅಂತ. ಆಸೆ ಅರ್ಥ ಆಗುತ್ತದೆ. ಆದರೆ ಗೋಳಗುಮ್ಮಟ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಅರೆಬರೆ ನಿದ್ದೆ ಮಾಡಿ ಇಳಿದ ಮಗು ನೇರವಾಗಿ ಕೋರ್ಟಿಗೆ ಹೋಗಿ ಒಂದೇ ದಿನ ಮೂರು ಮ್ಯಾಚ್ ಆಡಬಾರದು. ಆದಷ್ಟು ಹಿಂದಿನ ದಿನವೇ ಊರು ಮುಟ್ಟಿ. ಒಂದು ವಯಸ್ಸಿನ ಗುಂಪು ಸಾಕು.

ಮೂರನೇ ಹೆಜ್ಜೆ: ಕೈಯಲ್ಲಿರುವುದು, ಕಾಲಲ್ಲಿರುವುದು

ಅಣ್ಣ ಬಿಟ್ಟ ರಾಕೆಟ್ ತಮ್ಮನಿಗೆ ಬರುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಅಂಗಿ, ಚಡ್ಡಿಗೆ ಅದು ನಡೆಯುತ್ತದೆ. ರಾಕೆಟ್‌ಗೆ ನಡೆಯುವುದಿಲ್ಲ. ದೊಡ್ಡವರ ರಾಕೆಟ್ 27 ಇಂಚು. ಮಕ್ಕಳಿಗೆ 19, 21, 23, 25, 26 ಇಂಚಿನವು ಸಿಗುತ್ತವೆ. ಮಗುವನ್ನು ನೇರ ನಿಲ್ಲಿಸಿ, ಕೈ ಇಳಿಬಿಟ್ಟು ರಾಕೆಟ್ ಕೆಳಮುಖವಾಗಿ ಹಿಡಿಸಿ. ತುದಿ ನೆಲಕ್ಕೆ ತಾಗುವುದಕ್ಕೆ ಸ್ವಲ್ಪ ಬಾಕಿ ಇದ್ದರೆ ಉದ್ದ ಸರಿ. ನೆಲಕ್ಕೆ ಊರಿ ಕೈ ಮಡಚಬೇಕಾಗಿ ಬಂದರೆ ಉದ್ದ ಜಾಸ್ತಿ ಆಯಿತು. ಹಿಡಿಯನ್ನೂ ನೋಡಿ. ಆಡುವ ಕೈಯಿಂದ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಜಾಗ ಇರಬೇಕು. ಹಿಡಿ ತೀರಾ ದಪ್ಪ ಅಥವಾ ತೀರಾ ಸಣ್ಣ ಆದರೆ ಮಗು ಬಿಗಿಯಾಗಿ ಅಮುಕಿ ಹಿಡಿಯುತ್ತದೆ. ಮಣಿಕಟ್ಟು, ಮೊಣಕೈ ಎರಡಕ್ಕೂ ಕಷ್ಟ.

ಸ್ಟ್ರಿಂಗ್ ವಿಷಯದಲ್ಲಿ ಒಂದು ಮಾತು. ಟಿವಿಯಲ್ಲಿ ಆಡುವವರು ಪಾಲಿಯೆಸ್ಟರ್ ಹಾಕಿಸುತ್ತಾರೆ ಅಂತ ಮಕ್ಕಳೂ ಅದನ್ನೇ ಕೇಳುತ್ತಾರೆ. ಅದು ಗಡಸು, ಹೊಡೆತದ ಅದುರನ್ನು ತೋಳಿಗೇ ದಾಟಿಸುತ್ತದೆ. ಮಕ್ಕಳಿಗೆ ನೈಲಾನ್ ಅಥವಾ ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ ಮಲ್ಟಿಫಿಲಮೆಂಟ್ ಸ್ಟ್ರಿಂಗ್ ಹಾಕಿಸಿ, ಅದರ ಬಿಗಿಯೂ ಸ್ವಲ್ಪ ಕಡಿಮೆ ಇರಲಿ.

ಚೆಂಡು ಇನ್ನೂ ಮುಖ್ಯ. ಅಂತಾರಾಷ್ಟ್ರೀಯ ಟೆನ್ನಿಸ್ ಫೆಡರೇಶನ್ 2012ರಿಂದ 10 ವರ್ಷದೊಳಗಿನ ಮಕ್ಕಳ ಸ್ಪರ್ಧೆಗಳಲ್ಲಿ ಮಾಮೂಲು ಹಳದಿ ಚೆಂಡನ್ನು ಬಿಡಿಸಿದೆ. ಅದರ ಬದಲಿಗೆ ಕೆಂಪು, ಕಿತ್ತಳೆ, ಹಸಿರು ಚೆಂಡುಗಳಿವೆ. ಕೆಂಪು ಚೆಂಡು ಹಳದಿಗಿಂತ ಸುಮಾರು 75% ನಿಧಾನ, ಕಿತ್ತಳೆ 50%, ಹಸಿರು 25%. ಕೆಂಪಿಗೆ ಕೋರ್ಟ್ ಉದ್ದ 11 ಮೀಟರ್, ಕಿತ್ತಳೆಗೆ 18, ಹಸಿರಿಗೆ ಪೂರ್ತಿ 23.77. ಇದು ಸುಮ್ನೆ ಮಕ್ಕಳ ಖುಷಿಗೆ ಮಾಡಿದ್ದಲ್ಲ. ಹಳದಿ ಚೆಂಡು ನೆಲಕ್ಕೆ ಬಿದ್ದು ಏಳು ವರ್ಷದ ಮಗುವಿನ ತಲೆ ಮಟ್ಟಕ್ಕೆ ಏಳುತ್ತದೆ. ಮಗು ಪ್ರತಿ ಸಲ ಭುಜಕ್ಕಿಂತ ಮೇಲೆ ಕೈ ಎತ್ತಿ, ಮಣಿಕಟ್ಟು ತಿರುಚಿ ಹೊಡೆಯುತ್ತದೆ. ಕೆಂಪು ಚೆಂಡು ಸೊಂಟದ ಮಟ್ಟಕ್ಕೆ ಬರುತ್ತದೆ, ಇಡೀ ಮೈ ತಿರುಗಿಸಿ ಹೊಡೆಯಲು ಪುರುಸೊತ್ತು ಸಿಗುತ್ತದೆ. ನಿಮ್ಮ ಕ್ಲಬ್ಬಿನಲ್ಲಿ ಈ ಚೆಂಡು ಇಲ್ಲ ಅಂದರೆ ನಾಲ್ಕು ಮನೆಯವರು ಸೇರಿ ತರಿಸಿ. ಒಂದು ರಾಕೆಟ್‌ನ ದುಡ್ಡಿಗಿಂತ ಬಹಳ ಕಡಿಮೆಯಲ್ಲಿ ಆಗುತ್ತದೆ.

ಶೂ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಓಡುವ ಶೂ ಮುಂದಕ್ಕೆ ಓಡಲು ಮಾಡಿದ್ದು. ಟೆನ್ನಿಸ್‌ನಲ್ಲಿ ಅಡ್ಡಡ್ಡ ಓಡುವುದೇ ಜಾಸ್ತಿ. ಎತ್ತರದ ಮೆತ್ತನೆ ಅಟ್ಟೆ ಇರುವ ಶೂ ಅಡ್ಡ ತಿರುವಿನಲ್ಲಿ ಮಗುಚಿ ಕಣಕಾಲು ಉಳುಕಿಸುತ್ತದೆ. ಟೆನ್ನಿಸ್ ಶೂ ಬೇಕು. ಕೊಳ್ಳುವಾಗ ಸಂಜೆ ಹೋಗಿ, ಆಡುವಾಗ ಹಾಕುವ ಸಾಕ್ಸ್ ಹಾಕಿಸಿಯೇ ನೋಡಿ. ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಸಾಕು. ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ನಂಬರ್ ದೊಡ್ಡದು ತಗೊಂಡರೆ ಒಳಗೆ ಕಾಲು ಜಾರಿ ಬೊಬ್ಬೆ ಏಳುತ್ತದೆ.

ನಾಲ್ಕನೇ ಹೆಜ್ಜೆ: ಕೋರ್ಟಿಗೆ ಒಂದು ಸುತ್ತು

ಆಡುವ ಮೊದಲು ಕೋರ್ಟಿನ ಸುತ್ತ ಒಮ್ಮೆ ನಡೆದು ಬನ್ನಿ. ನಮ್ಮ ಎರೆ ಭೂಮಿಯ ಕಡೆ ಗಾಳಿಗೆ ಸಣ್ಣ ಧೂಳು ಬಂದು ಸಿಮೆಂಟ್ ಕೋರ್ಟಿನ ಮೇಲೆ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ಪೊರಕೆ ಹಿಡಿದು ಬೇಸ್‌ಲೈನ್ (ಕೋರ್ಟಿನ ಕೊನೆಯ ಗೆರೆ) ಹಿಂದಿನ ಜಾಗವನ್ನಾದರೂ ಗುಡಿಸಿ. ಬೆಳಗಾವಿಯವರಿಗೆ ಜೂನ್‌ನಿಂದ ಬೇರೆ ಚಿಂತೆ. ಮಳೆ ನಿಂತರೂ ನೆರಳಿರುವ ಮೂಲೆಯಲ್ಲಿ ಪಾಚಿ ಉಳಿದಿರುತ್ತದೆ. ಬಿಳಿ ಗೆರೆಯ ಬಣ್ಣ ಒದ್ದೆಯಾದರಂತೂ ಇನ್ನೂ ಜಾರು. ಅಂಗೈಯಿಂದ ಒತ್ತಿ ನೋಡಿ, ತೇವ ಹತ್ತಿದರೆ ಆ ದಿನ ಓಟದ ಆಟ ಬೇಡ.

ಇನ್ನು ಕಾಲಡಿಯ ಚೆಂಡು. ಬಾಸ್ಕೆಟ್ ತುಂಬ ಚೆಂಡು ಇಟ್ಟು ಕೋಚ್ ಒಂದರ ಹಿಂದೆ ಒಂದು ಎಸೆಯುವಾಗ ಹೊಡೆದ ಚೆಂಡೆಲ್ಲ ಮಕ್ಕಳ ಕಾಲ ಬಳಿಗೇ ಉರುಳಿ ಬರುತ್ತದೆ. ಕಣಕಾಲು ಉಳುಕುವುದಕ್ಕೆ ಅದರ ಮೇಲೆ ಕಾಲಿಟ್ಟರೆ ಸಾಕು. ಒಂದು ಸುತ್ತು ಮುಗಿದ ಮೇಲೆ ಎಲ್ಲರೂ ಸೇರಿ ಚೆಂಡು ಆರಿಸುವುದು ನಿಯಮ ಆಗಲಿ.

ಐದನೇ ಹೆಜ್ಜೆ: ಮೈ ಬಿಸಿ ಮಾಡುವ ಹದಿನೈದು ನಿಮಿಷ

ಬೈಕಿನಿಂದ ಇಳಿದು, ಚೀಲ ಇಟ್ಟು, ನೇರವಾಗಿ ಫೋರ್‌ಹ್ಯಾಂಡ್ ಶುರು ಮಾಡುವ ಮಕ್ಕಳು ಎಷ್ಟೋ. ತಡವಾಗಿ ಬಂದ ಮಗುವಂತೂ ಇದನ್ನು ಪೂರ್ತಿ ಬಿಟ್ಟೇ ಬಿಡುತ್ತದೆ. ತಡವಾಯಿತು ಅಂದರೆ ಆಟ ಕಡಿಮೆ ಮಾಡಿ, ಇದನ್ನು ಬಿಡಬೇಡಿ.

ಮೊದಲು ಕೋರ್ಟಿನ ಸುತ್ತ ಮೆಲ್ಲಗೆ ಓಟ, ಹಣೆಯಲ್ಲಿ ಸಣ್ಣಗೆ ಬೆವರು ಮೂಡುವವರೆಗೆ. ಆಮೇಲೆ ಅಡ್ಡ ಹೆಜ್ಜೆ, ಮೊಣಕಾಲು ಎತ್ತಿ ಓಟ, ಹಿಮ್ಮಡಿ ಪೃಷ್ಠಕ್ಕೆ ತಾಗುವಂತೆ ಓಟ. ಉದ್ದ ಹೆಜ್ಜೆ ಇಟ್ಟು ಮೊಣಕಾಲು ಮಡಚಿ ಮುಂದೆ ಬಾಗುವುದು, ಹಾಗೆ ಬಾಗಿದಾಗಲೇ ಸೊಂಟದಿಂದ ಮೇಲೆ ಎಡಕ್ಕೆ ಬಲಕ್ಕೆ ತಿರುಗುವುದು. ತೋಳುಗಳನ್ನು ಸಣ್ಣ ವೃತ್ತದಿಂದ ದೊಡ್ಡ ವೃತ್ತಕ್ಕೆ ತಿರುಗಿಸುವುದು. ಒಂದು ಕಾಲ ಮೇಲೆ ನಿಂತು ಚೆಂಡು ಎಸೆದು ಹಿಡಿಯುವುದು ಮಕ್ಕಳಿಗೆ ಭಾಳ ಇಷ್ಟ, ಕಣಕಾಲಿಗೂ ಒಳ್ಳೆಯದು. ನಂತರ ರಾಕೆಟ್ ಹಿಡಿದು ನೆಟ್ ಹತ್ತಿರದ ಸಣ್ಣ ಚೌಕದಲ್ಲಿ ಮೆಲ್ಲಗೆ ಆಟ, ಅಲ್ಲಿಂದ ಹಿಂದೆ ಹಿಂದೆ ಸರಿಯುತ್ತ ಬೇಸ್‌ಲೈನಿಗೆ. ಸರ್ವ್ ಕೊನೆಗೆ, ಅದೂ ಮೊದಲ ಹತ್ತು ಅರ್ಧ ಬಲದಲ್ಲಿ.

ಒಂದೇ ಭಂಗಿಯಲ್ಲಿ ನಿಂತು ಅರ್ಧ ನಿಮಿಷ ಸ್ನಾಯು ಎಳೆಯುವ ಸ್ಟ್ರೆಚಿಂಗ್ ಆಟಕ್ಕೆ ಮುಂಚೆ ಬೇಡ. ಅದನ್ನು ಆಟ ಮುಗಿದ ಮೇಲೆ ಮಾಡಿಸಿ. ಮೀನಖಂಡ, ತೊಡೆಯ ಹಿಂಭಾಗ, ತೊಡೆಯ ಮುಂಭಾಗ, ಭುಜದ ಹಿಂಭಾಗ ಇವು ನಾಲ್ಕು ಸಾಕು.

ಆರನೇ ಹೆಜ್ಜೆ: ಸರ್ವ್

ಟೆನ್ನಿಸ್‌ನಲ್ಲಿ ಮಗುವಿನ ಭುಜ, ಬೆನ್ನಿಗೆ ಅತಿ ಹೆಚ್ಚು ಭಾರ ಹಾಕುವ ಹೊಡೆತ ಇದೇ. ಸರಿಯಾಗಿ ಹೊಡೆದರೆ ಬಲದ ಅರ್ಧದಷ್ಟು ಕಾಲು, ಸೊಂಟ, ನಡುವಿನಿಂದ ಬರುತ್ತದೆ. ಕಾಲು ಕೆಲಸ ಮಾಡದಿದ್ದರೆ ಆ ಪಾಲನ್ನೂ ಭುಜವೇ ಕೊಡಬೇಕು.

ಒಂದು ಸಂಜೆ ಸುಮ್ನೆ ಪಕ್ಕದಲ್ಲಿ ನಿಂತು ನಿಮ್ಮ ಮಗುವಿನ ಸರ್ವ್ ನೋಡಿ. ಚೆಂಡಿನ ಮೇಲಲ್ಲ, ಮಗುವಿನ ಮೇಲೆ ಕಣ್ಣಿಡಿ. ಚೆಂಡು ಮೇಲೆ ಹೋಯಿತು. ಅದು ತಲೆಯ ಮುಂದೆ ಇದೆಯೋ, ಹಿಂದೆ ಹೋಯಿತೋ? ಹಿಂದೆ ಹೋದರೆ ಮಗು ಅದನ್ನು ಮುಟ್ಟಲು ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸುತ್ತದೆ, ಅದೇ ಹೊತ್ತಿಗೆ ಸೊಂಟ ತಿರುಚುತ್ತದೆ. ಮೊಣಕಾಲು ಮಡಚಿ ಎದ್ದಿತೋ, ಕಾಲು ನೆಟ್ಟಗೇ ಇದ್ದವೋ? ಹೊಡೆದ ಮೇಲೆ ಕೈ ಸರಾಗವಾಗಿ ಮೈಯ ಆ ಬದಿಗೆ ಇಳಿಯಿತೋ, ನಡುವೆ ತಡೆದು ನಿಂತಿತೋ? ಚೆಂಡು ಹಿಂದೆ ಹೋಗುವುದು, ಬೆನ್ನು ಬಗ್ಗುವುದು, ಕಾಲು ನೆಟ್ಟಗಿರುವುದು, ಈ ಮೂರೂ ಸೇರಿ ದಿನಾ ನೂರು ಸಲ ಆದರೆ ಬೆನ್ನೆಲುಬಿನ ಕೆಳಮಣಿಯಲ್ಲಿ ಕೂದಲೆಳೆಯ ಬಿರುಕು ಬಿಡಬಹುದು. ಹದಿಹರೆಯದ ಆಟಗಾರರಲ್ಲಿ ಇದು ಗೊತ್ತಿರುವ ತೊಂದರೆಯೇ.

ಪರಿಹಾರ ಕಷ್ಟದ್ದಲ್ಲ. ಸರ್ವ್ ಹೊಡೆಯದೆ ಬರೀ ಟಾಸ್, ಅಂದರೆ ಚೆಂಡು ಮೇಲಕ್ಕೆ ಎಸೆಯುವುದನ್ನು, ಅಭ್ಯಾಸ ಮಾಡಿಸಿ. ಮಗುವಿನ ಮುಂದಿನ ಕಾಲಿನ ಮುಂದೆ ರಾಕೆಟ್ ಮಲಗಿಸಿಡಿ. ಎಸೆದ ಚೆಂಡು ಅದರ ಮೇಲೆ ಬೀಳಬೇಕು. ಮನೆ ಅಂಗಳದಲ್ಲೇ ಮಾಡಬಹುದು, ಭುಜಕ್ಕೆ ಭಾರವೂ ಇಲ್ಲ. ಜೋರು ತಿರುಗುವ ಕಿಕ್ ಸರ್ವ್ ಕಲಿಸಲು ಅವಸರ ಮಾಡಬೇಡಿ, ಅದರಲ್ಲಿ ಬೆನ್ನು ಇನ್ನೂ ಜಾಸ್ತಿ ಬಾಗುತ್ತದೆ. ಇನ್ನೊಂದು ಕೆಟ್ಟ ರೂಢಿ ಅಂದರೆ ಎರಡು ಗಂಟೆ ಆಡಿಸಿ, ಕೊನೆಗೆ "ಬಾಸ್ಕೆಟ್ ಖಾಲಿ ಮಾಡು" ಅಂತ ಸರ್ವ್‌ಗೆ ಬಿಡುವುದು. ದಣಿದ ಕಾಲು ಏಳುವುದಿಲ್ಲ, ಎಲ್ಲ ಭುಜದ ಮೇಲೆ ಬೀಳುತ್ತದೆ. ಸರ್ವ್ ಅಭ್ಯಾಸ ಮೈ ಬಿಸಿಯಾದ ಮೇಲೆ, ದಣಿಯುವ ಮೊದಲು. ದಿನ ಬಿಟ್ಟು ದಿನ ಇದ್ದರೆ ಇನ್ನೂ ಒಳ್ಳೆಯದು.

ಏಳನೇ ಹೆಜ್ಜೆ: ಮೈ ಗಟ್ಟಿ ಮಾಡುವುದು

ಇದಕ್ಕೆ ಜಿಮ್ ಬೇಕಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆಯ ಗರಡಿ ಮನೆಗಳಲ್ಲಿ ತಲೆಮಾರುಗಳಿಂದ ಮೈಯ ಭಾರದಲ್ಲೇ ಪೈಲ್ವಾನರನ್ನು ತಯಾರು ಮಾಡಿದ್ದಾರೆ. ಬಸ್ಕಿ, ಗೋಡೆಗೆ ಕೈಯಿಟ್ಟು ದಂಡ, ಪ್ಲ್ಯಾಂಕ್, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ಒಂದು ಕಾಲಲ್ಲಿ ನಿಲ್ಲುವುದು. ವಾರಕ್ಕೆ ಎರಡು ಮೂರು ಸಲ, ಇಪ್ಪತ್ತು ನಿಮಿಷ. ಭುಜಕ್ಕೆ ಮಾತ್ರ ಒಂದು ರಬ್ಬರ್ ಬ್ಯಾಂಡ್ ತನ್ನಿ. ಕಿಟಕಿ ಸರಳಿಗೆ ಕಟ್ಟಿ, ಮೊಣಕೈ ಪಕ್ಕೆಗೆ ಹಚ್ಚಿ, ಮುಂಗೈಯನ್ನು ಹೊರಕ್ಕೆ ಎಳೆಯುವುದು. ಹೊಡೆತದ ನಂತರ ತೋಳನ್ನು ತಡೆದು ನಿಲ್ಲಿಸುವ ಸ್ನಾಯು ಇದರಿಂದ ಬಲವಾಗುತ್ತದೆ. ಆಡದ ಕೈಗೂ ಅಷ್ಟೇ ಮಾಡಿಸಿ.

ಊಟದ ಬಗ್ಗೆ ಚಿಂತೆ ಬೇಡ. ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಮೊಸರು, ಶೇಂಗಾ ಹಿಂಡಿ ತಿನ್ನುವ ಮಗುವಿಗೆ ಡಬ್ಬದ ಪ್ರೋಟೀನ್ ಪೌಡರ್ ಬೇಕಾಗಿಲ್ಲ. ನಿದ್ದೆಯ ಚಿಂತೆ ಮಾತ್ರ ಮಾಡಲೇಬೇಕು. 6ರಿಂದ 12ರವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ. ಟ್ಯೂಷನ್ ಮುಗಿಸಿ ಹನ್ನೊಂದಕ್ಕೆ ಮಲಗಿದ ಮಗುವನ್ನು ಐದಕ್ಕೆ ಎಬ್ಬಿಸಿ ಕೋರ್ಟಿಗೆ ಕರೆತರುವುದಕ್ಕಿಂತ ಆ ದಿನ ಮಲಗಲು ಬಿಡುವುದು ಒಳ್ಳೆಯದು.

ಎಂಟನೇ ಹೆಜ್ಜೆ: ವಿಜಯಪುರದ ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಸಿಮೆಂಟ್ ಕೋರ್ಟ್ ಅದಕ್ಕಿಂತ ಬಿಸಿ. ಬೆಳಿಗ್ಗೆ ಬೇಗ ಶುರು ಮಾಡಿ ಎಂಟೂವರೆಯೊಳಗೆ ಮುಗಿಸಿ. ಸಂಜೆ ಐದೂವರೆ ನಂತರ ಬನ್ನಿ. ಬೇರೆ ತಂಪು ಊರಿನಿಂದ ಅಜ್ಜಿ ಮನೆಗೆ ಬಂದ ಮಗು ಕ್ಯಾಂಪಿಗೆ ಸೇರಿದರೆ ಮೈ ಬಿಸಿಲಿಗೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಅಲ್ಲಿವರೆಗೆ ಕಡಿಮೆ ಹೊತ್ತು, ನೆರಳಲ್ಲಿ ಜಾಸ್ತಿ ವಿರಾಮ.

ನೀರು ಬಾಯಾರಿದಾಗ ಅಂತ ಬಿಡಬೇಡಿ, ಮಕ್ಕಳು ಆಟದಲ್ಲಿ ಬಾಯಾರಿದ್ದನ್ನೇ ಮರೆಯುತ್ತಾರೆ. 9ರಿಂದ 12 ವರ್ಷದವರಿಗೆ ಪ್ರತಿ 20 ನಿಮಿಷಕ್ಕೆ 100ರಿಂದ 250 ಮಿಲಿಲೀಟರ್ ಸಾಕಾಗುತ್ತದೆ. ಹದಿಹರೆಯದವರಿಗೆ ಗಂಟೆಗೆ ಒಂದರಿಂದ ಒಂದೂವರೆ ಲೀಟರ್‌ವರೆಗೆ ಬೇಕಾಗಬಹುದು. ಒಂದು ಗಂಟೆ ಮೀರಿ ಆಡಿದರೆ, ಬೆವರು ಧಾರೆ ಇಳಿಯುತ್ತಿದ್ದರೆ, ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಶರಬತ್ತು ಕೊಡಿ. ಓಆರ್‌ಎಸ್ ಪುಡಿ ಆದರೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಕಡಿಮೆ ನೀರಿಗೆ ಹಾಕಿದರೆ ತೊಂದರೆ.

ತಲೆಸುತ್ತು, ವಾಂತಿ ಬಂದಂತಾಗುವುದು, ಕಾಲು ಸೆಳೆತ, ತಲೆನೋವು ಕಂಡರೆ ಆಟ ನಿಲ್ಲಿಸಿ ನೆರಳಿಗೆ ಕರೆತನ್ನಿ, ಕಾಲು ಎತ್ತರಿಸಿ ಮಲಗಿಸಿ, ಗುಟುಕು ಗುಟುಕಾಗಿ ಕುಡಿಸಿ. ಮಗು ಏನೇನೋ ಮಾತಾಡುತ್ತಿದೆ, ಸ್ಕೋರ್ ಗೊತ್ತಾಗುತ್ತಿಲ್ಲ, ತೂರಾಡುತ್ತಿದೆ, ಎಚ್ಚರ ತಪ್ಪುತ್ತಿದೆ ಅಂದರೆ ಅದು ಉಷ್ಣಾಘಾತ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯುತ್ತ ಕೂರಬೇಡಿ. ಮೈ ಮೇಲೆ ನೀರು ಸುರಿಯಿರಿ, ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಒಂಬತ್ತನೇ ಹೆಜ್ಜೆ: "ನೋಯಾಕತ್ತೈತ್ರಿ" ಅಂದಾಗ

ಮಗು ನೋವು ಅಂದರೆ ನಂಬಿ. ಅದು ನೆಪ ಹೇಳುತ್ತಿದೆಯೋ ಅನ್ನುವ ಅನುಮಾನ ಬಂದರೂ ನಂಬಿ. ಆಡಲು ಮನಸ್ಸಿಲ್ಲದೆ ನೆಪ ಹೇಳುತ್ತಿದ್ದರೆ ಅದೂ ತಿಳಿಯಬೇಕಾದ ವಿಷಯವೇ. "ಏನಾಗಂಗಿಲ್ಲ ತಗೋ, ಆಡು" ಅಂತ ಎರಡು ಸಲ ಕೇಳಿಸಿಕೊಂಡ ಮಗು ಮೂರನೇ ಸಲ ಬಾಯಿ ಬಿಡುವುದಿಲ್ಲ.

ಹಿಮ್ಮಡಿ ನೋವು ಅಂದರೆ ಹಿಮ್ಮಡಿಯ ಎರಡೂ ಬದಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಒತ್ತಿ. ಮಗು "ಅವ್ವಾ" ಅಂದರೆ ಅದು ಬೆಳೆಯುವ ಪದರದ ಉರಿಯೂತ ಇರಬಹುದು, 8ರಿಂದ 14ರ ಮಕ್ಕಳಲ್ಲಿ ಸಾಮಾನ್ಯ. ಮೊಣಕಾಲ ಚಿಪ್ಪಿನ ಕೆಳಗೆ ಗಟ್ಟಿ ಉಬ್ಬು ಎದ್ದು ಮುಟ್ಟಿದರೆ ನೋವಾದರೆ ಅದೂ ಅದೇ ಬಗೆಯದು. ಇವೆರಡೂ ವಿಶ್ರಾಂತಿ, ಸ್ಟ್ರೆಚಿಂಗ್, ಲೆಕ್ಕದ ಆಟದಿಂದ ಹಿಡಿತಕ್ಕೆ ಬರುತ್ತವೆ. ಬೆನ್ನಿನ ಕೆಳಗೆ, ಹಿಂದಕ್ಕೆ ಬಾಗಿದಾಗ ನೋವು ಬಂದು ಎರಡು ವಾರವಾದರೂ ಹೋಗದಿದ್ದರೆ ಮೂಳೆ ಡಾಕ್ಟರ್ ಹತ್ತಿರ ಹೋಗಲೇಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಊದಿಕೊಂಡ ಕೀಲು, ಕುಂಟು, ಸರ್ವ್ ಹೊಡೆದಾಗಲೆಲ್ಲ ಭುಜದ ಮೇಲ್ಭಾಗದ ನೋವು, ಇವಕ್ಕೂ ಕಾಯಬೇಡಿ. ನೋವಿನ ಮಾತ್ರೆ ಕೊಟ್ಟು ಮ್ಯಾಚ್ ಆಡಿಸುವುದು ಬೇಡವೇ ಬೇಡ. ಡಾಕ್ಟರ್ ಹೇಳದೆ ಮಕ್ಕಳಿಗೆ ಆಸ್ಪಿರಿನ್ ಅಂತೂ ಕೊಡಲೇಬಾರದು.

ಕಣಕಾಲು ಉಳುಕಿದಾಗ ನಮ್ಮಲ್ಲಿ ಮೊದಲು ನೆನಪಾಗುವುದು ಉಳುಕು ತೆಗೆಯುವವರು. ಬಿಸಿ ಎಣ್ಣೆ ಹಚ್ಚಿ ನೀವಿ, ಎಳೆದು, ಬಿಗಿಯಾಗಿ ಕಟ್ಟುತ್ತಾರೆ. ಅವರ ಮೇಲೆ ಜನರಿಗಿರುವ ನಂಬಿಕೆ ನನಗೆ ಗೊತ್ತು. ಆದರೂ ಹೇಳುತ್ತೇನೆ, ಮಕ್ಕಳ ವಿಷಯದಲ್ಲಿ ಬೇಡ. ದೊಡ್ಡವರಲ್ಲಿ ಉಳುಕು ಆಗುವ ಜಾಗದಲ್ಲಿ ಮಕ್ಕಳಿಗೆ ಬೆಳೆಯುವ ಪದರವೇ ಬಿರುಕು ಬಿಟ್ಟಿರಬಹುದು. ಅದನ್ನು ನೀವಿದರೆ ಎಲುಬಿನ ಬೆಳವಣಿಗೆಗೇ ಕುತ್ತು. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಒಂದು ಸಲಕ್ಕೆ 15-20 ನಿಮಿಷ, ಎರಡು ಮೂರು ಗಂಟೆಗೊಮ್ಮೆ. ಕ್ರೇಪ್ ಬ್ಯಾಂಡೇಜ್, ಬೆರಳು ಜೋಮು ಹಿಡಿಯದಷ್ಟು ಬಿಗಿ. ಕಾಲು ದಿಂಬಿನ ಮೇಲೆ. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಎಲುಬಿನ ಮೇಲೆ ಒತ್ತಿದಾಗ ನೋವಾದರೆ, ಎಕ್ಸ್‌ರೇ ತೆಗೆಸಿ.

ಹತ್ತನೇ ಹೆಜ್ಜೆ: ವಾಪಸ್ ಬರುವುದು

ನೋವು ಹೋಯಿತು ಅಂದ ಮರುದಿನವೇ ಪೂರ್ತಿ ಆಟ ಬೇಡ. ಒಮ್ಮೆ ಉಳುಕಿದ ಕಣಕಾಲು ಮತ್ತೆ ಉಳುಕುವುದು ಸುಲಭ. ಮೊದಲು ಆ ಕಾಲ ಮೇಲೆ ಅರ್ಧ ನಿಮಿಷ ಅಲುಗದೆ ನಿಲ್ಲಬೇಕು, ಆಮೇಲೆ ಅದೇ ಕಾಲಲ್ಲಿ ಹತ್ತು ಸಲ ನೋವಿಲ್ಲದೆ ಕುಪ್ಪಳಿಸಬೇಕು. ಅದಾದರೆ ನೇರ ಓಟ, ನಂತರ ಅಡ್ಡ ಓಟ, ಆಮೇಲೆ ಕೋರ್ಟ್.

ಭುಜ, ಮೊಣಕೈ, ಬೆನ್ನಿನ ನೋವಿಗೆ ಕ್ರಮ ಹೀಗಿರಲಿ. ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಆಡಬಹುದು ಅಂದ ಮೇಲೆ ಮೊದಲ ಕೆಲವು ದಿನ ನಿಧಾನದ ಚೆಂಡಿನಲ್ಲಿ ಸಣ್ಣ ಚೌಕದ ಆಟ, ಇಪ್ಪತ್ತು ನಿಮಿಷ ಸಾಕು. ಮರುದಿನ ಬೆಳಿಗ್ಗೆ ನೋವಿಲ್ಲ ಅಂದರೆ ಬೇಸ್‌ಲೈನಿನಿಂದ ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್. ಅದು ಸರಿಹೋದ ಮೇಲೆ ವಾಲಿ, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು. ತಲೆ ಮೇಲಿನ ಹೊಡೆತಗಳು ಎಲ್ಲಕ್ಕಿಂತ ಕೊನೆಗೆ: ಮೊದಲು ಟಾಸ್, ಆಮೇಲೆ ಅರ್ಧ ಬಲದ ಸರ್ವ್, ಕೊನೆಗೆ ಪೂರ್ತಿ ಸರ್ವ್. ಯಾವ ಮೆಟ್ಟಿಲಲ್ಲಿ ನೋವು ವಾಪಸ್ ಬಂದರೂ ಹಿಂದಿನ ಮೆಟ್ಟಿಲಿಗೆ ಇಳಿದು ಎರಡು ಮೂರು ದಿನ ಅಲ್ಲೇ ನಿಲ್ಲಿ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿರಿ, ಡಾಕ್ಟರ್ ಕೇಳಿದಾಗ ತೋರಿಸಲು ಬರುತ್ತದೆ. ವಾಪಸ್ ಬಂದ ಮೇಲಿನ ಮೊದಲ ಟೂರ್ನಮೆಂಟಿಗೆ ಸಿಂಗಲ್ಸ್‌ಗೆ ಮಾತ್ರ ಹೆಸರು ಕೊಡಿ. ಡಬಲ್ಸ್ ಮುಂದಿನ ಸಲ ನೋಡಿದರಾಯಿತು.